ಲಘುವಿಮಾನದಲ್ಲಿ ವಿದ್ಯುತ್ ಉಪಕರಣಗಳ ಆಯ್ಕೆ

ಪೀಠಿಕೆ

ಶಿವಮೊಗ್ಗ ನಗರಕ್ಕೂ ಭದ್ರಾವತಿಗೂ ಸಮೀಪವಾಗಿರುವ ಸೋಗಾನೆಯಲ್ಲಿ, ರಾಷ್ಟ್ರಕವಿ ಕುವೆಂಪು ಅವರ ಹೆಸರನ್ನು ಹೊತ್ತ ವಿಮಾನ ನಿಲ್ದಾಣವು 2023ನೆಯ ಇಸವಿ ಫೆಬ್ರವರಿ 27ರಂದು ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನವು ಬಂದಿಳಿಯಿತು. ವಿಮಾನವೆಂದರೆ ಮುಗಿಲಿನಲ್ಲಿ ಸರಿದುಹೋಗುವ ಒಂದು ಬೆಳ್ಳಿಯ ಚುಕ್ಕೆ ಎಂದು ಭಾವಿಸುತ್ತಿದ್ದ ಮಲೆನಾಡಿನ ಮಕ್ಕಳಿಗೆ ಅದೀಗ ನೆರೆಮನೆಯ ವಸ್ತುವಾಗಿದೆ. ಆದಕಾರಣ ತರಗತಿಯಲ್ಲಿ ಕೇಳಿಬರುವ ಪ್ರಶ್ನೆಗಳೂ ಬದಲಾಗುವುದು ಸಹಜ. "ವಿಮಾನ ಹೇಗೆ ಹಾರುತ್ತದೆ?" ಎಂಬ ಪ್ರಶ್ನೆಯ ಬೆನ್ನಿಗೇ "ಅದನ್ನು ನಾವೇ ಕಟ್ಟಬಹುದೇ?" ಎಂಬ ಪ್ರಶ್ನೆಯೂ ಬರುತ್ತದೆ.

ಈ ಪ್ರಶ್ನೆ ಹುಡುಗಾಟದ್ದಲ್ಲ. ಅಮೆರಿಕ ದೇಶದಲ್ಲಿ ಹವ್ಯಾಸಿಗಳು ತಮ್ಮ ಮನೆಯ ಕೊಟ್ಟಿಗೆಯಲ್ಲಿ ಸಣ್ಣ ವಿಮಾನಗಳನ್ನು ಕಟ್ಟಿ ಹಾರಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಅಂಥವರ ಸಂಘವೊಂದು 1953ರಲ್ಲಿಯೇ ಅಲ್ಲಿ ಸ್ಥಾಪಿತವಾಯಿತು. ನಮ್ಮ ದೇಶದಲ್ಲಿಯೂ ಮುಂಬಯಿಯ ವೈಮಾನಿಕ ಅಮೋಲ್ ಯಾದವ್ ಅವರು ಮನೆಯ ತಾರಸಿಯ ಮೇಲೆ ನಿರ್ಮಿಸಿದ ವಿಮಾನವು 2017ರಲ್ಲಿ ಸರ್ಕಾರದ ನೋಂದಣಿಯನ್ನು ಪಡೆಯಿತು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವೇ ಗೃಹನಿರ್ಮಿತ ವಿಮಾನದ ವಿನ್ಯಾಸವೊಂದನ್ನು ಆಧಾರವಾಗಿಟ್ಟುಕೊಂಡು ತನ್ನ ಲಘುವಿಮಾನ ಕಾರ್ಯದಲ್ಲಿ ಮುನ್ನಡೆದ ಉದಾಹರಣೆಯಿದೆ.

ವಿಮಾನವನ್ನು ಕಟ್ಟುವ ಕೆಲಸದಲ್ಲಿ ರೆಕ್ಕೆ, ಬಾಲ, ಎಂಜಿನ್ನುಗಳು ಎಲ್ಲರ ಗಮನವನ್ನು ಸೆಳೆಯುತ್ತವೆ. ಅವುಗಳ ನಡುವೆ ನರಗಳಂತೆ ಹರಿಯುವ ವಿದ್ಯುತ್ ತಂತಿಗಳು, ಸ್ವಿಚ್ಚುಗಳು, ಮೋಟಾರುಗಳು ಮಾತ್ರ ಕೊನೆಗೆ ನೆನಪಾಗುತ್ತವೆ. ಇವುಗಳನ್ನು ಆರಿಸುವಾಗ ಅನುಸರಿಸಬೇಕಾದ ವಿವೇಕವನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಆ ವಿವೇಕದ ಸಾರವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಉಪಕರಣವು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದಕ್ಕಿಂತ ಮೊದಲು, ಅದು ಕೆಟ್ಟಾಗ ಏನಾಗುತ್ತದೆ ಎಂದು ಕೇಳಬೇಕು.

1. ಮ್ಯಾಗ್ನೆಟೋದಿಂದ ಗಣಕದವರೆಗೆ

ಬೆಂಗಳೂರಿನಲ್ಲಿ ರೂಪುಗೊಂಡ ಲಘುವಿಮಾನಗಳ ಇತಿಹಾಸವನ್ನು ಅವಲೋಕಿಸಿದರೆ, ಸಣ್ಣ ವಿಮಾನವು ವಿದ್ಯುಚ್ಛಕ್ತಿಯನ್ನು ಹೇಗೆ ಹಂತಹಂತವಾಗಿ ಅವಲಂಬಿಸುತ್ತ ಬಂದಿತೆಂಬುದು ಸ್ಪಷ್ಟವಾಗುತ್ತದೆ.

ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ನಿರ್ಮಿತವಾದ 'ಪುಷ್ಪಕ' ವಿಮಾನವು 1958ರಲ್ಲಿ ಮೊದಲ ಬಾರಿಗೆ ಹಾರಿತು. ಇಬ್ಬರು ಕುಳಿತುಕೊಳ್ಳಬಹುದಾದ, 90 ಅಶ್ವಶಕ್ತಿಯ ಎಂಜಿನ್ನುಳ್ಳ ಈ ವಿಮಾನದಲ್ಲಿ ದೇಶದ ಹಲವಾರು ಫ್ಲೈಯಿಂಗ್ ಕ್ಲಬ್ಬುಗಳ ವಿದ್ಯಾರ್ಥಿಗಳು ಹಾರಾಟವನ್ನು ಕಲಿತರು. ಅದರ ಎಂಜಿನ್ನಿನಲ್ಲಿ ಇಂಧನಕ್ಕೆ ಕಿಡಿಯನ್ನು ಒದಗಿಸುವ ಸಾಧನ ಮ್ಯಾಗ್ನೆಟೋ. ಎಂಜಿನ್ ತಿರುಗುತ್ತಿರುವವರೆಗೂ ಮ್ಯಾಗ್ನೆಟೋ ತನಗೆ ಬೇಕಾದ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಬ್ಯಾಟರಿಯ ಹಂಗು ಅದಕ್ಕಿಲ್ಲ. ಇಂಥ ವಿಮಾನದಲ್ಲಿ ಬ್ಯಾಟರಿ ಬರಿದಾದರೆ ರೇಡಿಯೋ ಮೌನವಾಗಬಹುದೇ ಹೊರತು ಎಂಜಿನ್ ನಿಲ್ಲುವುದಿಲ್ಲ.

ಅನಂತರದ ಹಂತ ಪ್ರಯೋಗಾಲಯದ್ದು. ಅಮೆರಿಕದ ಬರ್ಟ್ ರುಟಾನ್ ಅವರು ಹವ್ಯಾಸಿಗಳಿಗಾಗಿ ರೂಪಿಸಿದ, 1979ರಲ್ಲಿ ಮೊದಲು ಹಾರಿದ 'ಲಾಂಗ್ ಈಝಿ' ವಿನ್ಯಾಸವನ್ನು ಆಧರಿಸಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಸಂಶೋಧನಾ ವಿಮಾನವೊಂದನ್ನು ನಿರ್ಮಿಸಿ 1987ರಲ್ಲಿ ಹಾರಿಸಿತು. ಈ ವಿನ್ಯಾಸದಲ್ಲಿ ಮುಂಭಾಗಕ್ಕೊಂದು ಕಿರುರೆಕ್ಕೆ, ಹಿಂಭಾಗಕ್ಕೆ ಎಂಜಿನ್. ಶರೀರವೆಲ್ಲ ಗಾಜಿನ ನಾರು ಮತ್ತು ರಾಳದಿಂದ ಮಾಡಿದ್ದು. ನಾರು-ರಾಳಗಳ ಈ ಸಂಯುಕ್ತ ವಸ್ತುವಿನಲ್ಲಿಯೇ ಅದೇ ಪ್ರಯೋಗಾಲಯವು ಮುಂದೆ 'ಹಂಸ' ತರಬೇತಿ ವಿಮಾನವನ್ನು ರೂಪಿಸಿತು. ಹಂಸದ ಮೊದಲ ಹಾರಾಟ 1993ರಲ್ಲಿ. 'ಹಂಸ-3' ಎಂಬ ರೂಪಕ್ಕೆ ಅಧಿಕೃತ ಪ್ರಮಾಣಪತ್ರ ದೊರೆತದ್ದು 2000ದಲ್ಲಿ. ಹಂಸ-3ರ ರೋಟ್ಯಾಕ್ಸ್ 914 ಎಂಜಿನ್ನಿಗೆ ಇಂಧನವನ್ನು ಒದಗಿಸುವುದು ವಿದ್ಯುತ್ ಪಂಪು. ಅದರ ಟರ್ಬೋ ಯಂತ್ರದ ಕವಾಟವನ್ನು ತೆರೆದು ಮುಚ್ಚುವುದೂ ಒಂದು ಪುಟ್ಟ ವಿದ್ಯುತ್ ಮೋಟಾರೇ.

2021ನೆಯ ಇಸವಿ ಸೆಪ್ಟೆಂಬರ್ 3ರಂದು ಹಾರಿದ ಹೊಸ ಪೀಳಿಗೆಯ ಹಂಸ ವಿಮಾನದಲ್ಲಿ ಈ ಅವಲಂಬನೆ ಇನ್ನೂ ಮುಂದುವರಿಯಿತು. ಅದರ ಎಂಜಿನ್ನನ್ನು ನಿಯಂತ್ರಿಸುವುದು ಗಣಕ. ಸೂಚಕಗಳ ಸ್ಥಾನದಲ್ಲಿ ಬೆಳಗುವ ಪರದೆಗಳಿವೆ. ರೆಕ್ಕೆಯ ಹಿಂಬದಿಯ ಫ್ಲ್ಯಾಪುಗಳು ಚಲಿಸುವುದು ವಿದ್ಯುತ್ತಿನಿಂದ. ಪುಷ್ಪಕದ ಕಾಲದಲ್ಲಿ ವಿದ್ಯುತ್ತು ವಿಮಾನದ ಸೇವಕನಾಗಿತ್ತು. ಈಗ ಅದು ವಿಮಾನದ ಉಸಿರಾಗಿದೆ. ಇದರಿಂದ ಇಂಧನದ ಉಳಿತಾಯ, ನಿಖರತೆ, ಚಾಲಕನ ಶ್ರಮದ ಇಳಿಕೆ ಮುಂತಾದ ಪ್ರಯೋಜನಗಳು ಲಭಿಸಿವೆ ಎಂಬುದು ನಿಜ. ಆದರೆ ಉಸಿರಾದ ಮೇಲೆ ಅದು ನಿಲ್ಲಬಾರದು. ಆದ್ದರಿಂದಲೇ ರೋಟ್ಯಾಕ್ಸ್ ಎಂಜಿನ್ನುಗಳ ಈ ವರ್ಗದಲ್ಲಿ ಎರಡು ಜನರೇಟರುಗಳನ್ನೂ, ನಿಯಂತ್ರಣಕ್ಕೆ ಎರಡು ಪ್ರತ್ಯೇಕ ಮಾರ್ಗಗಳನ್ನೂ ಇಟ್ಟಿರುತ್ತಾರೆ. ಎಂಜಿನ್ನಿಗೆ ವಿದ್ಯುತ್ತು ನೀಡುವ ಜನರೇಟರು ಕೈಕೊಟ್ಟರೆ, ವಿಮಾನದ ಇತರ ಉಪಕರಣಗಳಿಗೆ ಮೀಸಲಾದ ಜನರೇಟರನ್ನು ಎಂಜಿನ್ನಿನ ಸೇವೆಗೆ ತಿರುಗಿಸಲಾಗುತ್ತದೆ. ದೀಪ ಆರಿದರೂ ಚಿಂತೆಯಿಲ್ಲ, ಎಂಜಿನ್ ನಿಲ್ಲಬಾರದು ಎಂಬ ತತ್ತ್ವವನ್ನು ಇಲ್ಲಿ ಕಾಣಬಹುದು.

2. ಕೆಟ್ಟರೆ ಏನಾದೀತು?

ಲಘುವಿಮಾನದ ವಿದ್ಯುತ್ ಉಪಕರಣಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿಕೊಳ್ಳುವುದು ಅನುಕೂಲ. ಕೆಟ್ಟರೆ ಅನಾನುಕೂಲ ಮಾತ್ರ ಉಂಟುಮಾಡುವವು ಮೊದಲನೆಯವು. ಉದಾಹರಣೆಗೆ ಚಾಲಕನ ಕೋಣೆಯ ದೀಪ. ಕೆಟ್ಟರೆ ಹಾರಾಟವನ್ನು ಮೊಟಕುಗೊಳಿಸಿ ಇಳಿಯಬೇಕಾಗುವವು ಎರಡನೆಯವು. ಉದಾಹರಣೆಗೆ ಬ್ಯಾಟರಿಯನ್ನು ತುಂಬುವ ಆಲ್ಟರ್ನೇಟರ್. ಕೆಟ್ಟೊಡನೆ ಪ್ರಾಣಕ್ಕೆ ಸಂಚಕಾರ ತರುವವು ಮೂರನೆಯವು. ಉದಾಹರಣೆಗೆ ಗಣಕ ನಿಯಂತ್ರಿತ ಎಂಜಿನ್ನಿನ ಇಂಧನ ಪಂಪು. ಮೊದಲನೆಯ ವರ್ಗಕ್ಕೆ ಸಾಮಾನ್ಯ ಗುಣಮಟ್ಟ ಸಾಕು. ಎರಡನೆಯದಕ್ಕೆ ಎಚ್ಚರಿಕೆಯ ಸೂಚಕ ಮತ್ತು ಪರ್ಯಾಯ ವ್ಯವಸ್ಥೆ ಬೇಕು. ಮೂರನೆಯದನ್ನು ಎಂದಿಗೂ ಒಂಟಿಯಾಗಿ ಇಡಬಾರದು.

ಎರಡನೆಯ ವರ್ಗದ ಲೆಕ್ಕವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಸೋಗಾನೆಯಿಂದ ಬೆಂಗಳೂರಿನ ಜಕ್ಕೂರಿಗೆ ನೇರ ಆಕಾಶಮಾರ್ಗದಲ್ಲಿ ಸುಮಾರು 230 ಕಿ.ಮೀ. ಗಂಟೆಗೆ 150 ಕಿ.ಮೀ. ವೇಗದ ವಿಮಾನಕ್ಕೆ ಇದು ಒಂದೂವರೆ ಗಂಟೆಯ ದಾರಿ. ವಿಮಾನವು ಮೇಲೇರಿದ ಕೂಡಲೇ ಆಲ್ಟರ್ನೇಟರ್ ಕೆಟ್ಟಿತೆಂದು ಭಾವಿಸೋಣ. ಬ್ಯಾಟರಿಯ ಮೇಲೆ 16 ಆಂಪಿಯರ್-ಗಂಟೆ ಎಂದು ಬರೆದಿದ್ದರೂ ನಂಬಿ ಬಳಸಬಹುದಾದದ್ದು 12 ಎಂದಿಟ್ಟುಕೊಳ್ಳಬೇಕು. ಎಲ್ಲ ಉಪಕರಣಗಳೂ ಸೇರಿ 8 ಆಂಪಿಯರನ್ನು ಎಳೆಯುತ್ತಿದ್ದರೆ 12ನ್ನು 8ರಿಂದ ಭಾಗಿಸಿದಾಗ ದೊರೆಯುವುದು ಒಂದೂವರೆ ಗಂಟೆ. ಅಂದರೆ ಜಕ್ಕೂರಿನ ರನ್‌ವೇ ಕಣ್ಣಿಗೆ ಬೀಳುವ ಹೊತ್ತಿಗೆ ಬ್ಯಾಟರಿ ಬರಿದು. ಅನವಶ್ಯಕವಾದವುಗಳನ್ನು ಒಂದೇ ಸ್ವಿಚ್ಚಿನಿಂದ ಆರಿಸಿ ಹೊರೆಯನ್ನು 4 ಆಂಪಿಯರಿಗೆ ಇಳಿಸುವಂತಿದ್ದರೆ ಮೂರು ಗಂಟೆಗಳ ಕಾಲಾವಕಾಶ ದೊರೆಯುತ್ತದೆ. ವಿವೇಕಿಯಾದ ಚಾಲಕನು ಹೇಗೂ ಸೋಗಾನೆಗೇ ಹಿಂದಿರುಗುತ್ತಾನೆ. ಆದರೆ ವಿನ್ಯಾಸಕಾರನು ಅತ್ಯಂತ ಕೆಟ್ಟ ಸಂದರ್ಭವನ್ನೇ ಲೆಕ್ಕ ಹಾಕಬೇಕು. ಅತ್ಯಾವಶ್ಯಕ ಉಪಕರಣಗಳಿಗೆಲ್ಲ ಪ್ರತ್ಯೇಕವಾದ ಒಂದು ತಾಮ್ರದ ಪಟ್ಟಿಯಿಂದ ವಿದ್ಯುತ್ತು ಹಂಚುವ ಪದ್ಧತಿ ಹುಟ್ಟಿದ್ದು ಈ ಲೆಕ್ಕದಿಂದಲೇ.

3. ತಂತಿ ಮತ್ತು ಫ್ಯೂಸು

ಲೋಹದ ವಿಮಾನದಲ್ಲಿ ಬ್ಯಾಟರಿಯ ಋಣ ತುದಿಯನ್ನು ಶರೀರಕ್ಕೇ ಜೋಡಿಸಿ, ವಿದ್ಯುತ್ತು ಮರಳುವ ದಾರಿಯಾಗಿ ಶರೀರವನ್ನೇ ಬಳಸಬಹುದು. ಕಾರು, ಲಾರಿಗಳಲ್ಲಿಯೂ ಇದೇ ಪದ್ಧತಿ. ಗಾಜಿನ ನಾರಿನ ವಿಮಾನದಲ್ಲಿ ಇದು ಸಾಧ್ಯವಿಲ್ಲ. ಗಾಜಿನ ನಾರು ವಿದ್ಯುತ್ ವಾಹಕವಲ್ಲ. ಪ್ರತಿಯೊಂದು ಉಪಕರಣಕ್ಕೂ ಹೋಗುವ ತಂತಿಯೊಂದು, ಮರಳುವ ತಂತಿಯೊಂದು ಬೇಕು. ಲಾರಿಯ ವಿದ್ಯುತ್ ಕೆಲಸದಲ್ಲಿ ನುರಿತವರು ನಾರಿನ ವಿಮಾನದ ಕೆಲಸಕ್ಕೆ ಕೈಹಾಕಿದಾಗ ಮೊದಲು ಕಲಿಯಬೇಕಾದ ಪಾಠವಿದು.

ಬ್ಯಾಟರಿಯಿಂದ 4 ಮೀಟರ್ ದೂರದಲ್ಲಿರುವ ಮೋಟಾರೊಂದು 3 ಆಂಪಿಯರನ್ನು ಬೇಡುತ್ತದೆ ಎನ್ನೋಣ. ಹೋಗಿಬರುವ ತಂತಿಯ ಒಟ್ಟು ಉದ್ದ 8 ಮೀಟರ್. 0.35 ಚದರ ಮಿಲಿಮೀಟರ್ ಗಾತ್ರದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.05 ಓಮ್‌ನಂತೆ ಒಟ್ಟು 0.4 ಓಮ್ ರೋಧ. ಓಮನ ನಿಯಮದಂತೆ 3 ಆಂಪಿಯರಿಗೆ 1.2 ವೋಲ್ಟ್ ದಾರಿಯಲ್ಲಿಯೇ ನಷ್ಟವಾಗುತ್ತದೆ. 0.8 ಚದರ ಮಿಲಿಮೀಟರ್ ತಂತಿಯಾದರೆ ನಷ್ಟ ಅರ್ಧ ವೋಲ್ಟಿನಷ್ಟು ಮಾತ್ರ. ಆಗಾಗ ಮಾತ್ರ ನಡೆಯುವ ಉಪಕರಣಕ್ಕೆ 14 ವೋಲ್ಟಿನ ವ್ಯವಸ್ಥೆಯಲ್ಲಿ ಒಂದು ವೋಲ್ಟಿನವರೆಗೂ, ಸತತವಾಗಿ ನಡೆಯುವುದಕ್ಕೆ ಅರ್ಧ ವೋಲ್ಟಿನವರೆಗೂ ನಷ್ಟವನ್ನು ಸಹಿಸಬಹುದೆಂಬುದು ವೈಮಾನಿಕ ದುರಸ್ತಿಯ ಕೈಪಿಡಿಗಳ ಸೂತ್ರ. ಎರಡು ತಂತಿಗಳ ತೂಕದ ವ್ಯತ್ಯಾಸ ಸುಮಾರು 30 ಗ್ರಾಂ. ಇಲ್ಲಿ ದಪ್ಪ ತಂತಿಯನ್ನು ಆರಿಸುವುದೇ ಜಾಣತನ.

ಎಲ್ಲೆಡೆಯೂ ದಪ್ಪ ತಂತಿಯೇ ಇರಲಿ ಎಂದರೆ ಅದೂ ಸರಿಯಲ್ಲ. ಲಾಂಗ್ ಈಝಿ ಮಾದರಿಯಲ್ಲಿ ಎಂಜಿನ್ ಹಿಂದಿರುವುದರಿಂದ, ತೂಕದ ಸಮತೋಲಕ್ಕಾಗಿ ಬ್ಯಾಟರಿಯನ್ನು ಮೂತಿಯಲ್ಲಿ ಇಡುವುದುಂಟು. ಆಗ ಸ್ಟಾರ್ಟರ್ ಮೋಟಾರಿಗೆ ಹೋಗುವ ದಪ್ಪ ಕೇಬಲ್ಲು ವಿಮಾನದ ಉದ್ದಕ್ಕೂ ಸಾಗಬೇಕು. 25 ಚದರ ಮಿಲಿಮೀಟರ್ ಗಾತ್ರದ 7 ಮೀಟರ್ ಕೇಬಲ್ಲಿನ ತಾಮ್ರವೇ ಒಂದೂವರೆ ಕಿಲೋಗ್ರಾಂ ಮೀರುತ್ತದೆ. ಇದನ್ನು ಬೇಡವೆಂದು ಸ್ಟಾರ್ಟರನ್ನೇ ಕೈಬಿಟ್ಟು, ಪ್ರೊಪೆಲರನ್ನು ಕೈಯಿಂದ ತಿರುಗಿಸಿ ಎಂಜಿನ್ನನ್ನು ಚಾಲೂ ಮಾಡುವ ಕ್ರಮವನ್ನು ಅನೇಕ ನಿರ್ಮಾಪಕರು ಅನುಸರಿಸಿದರು.

ತಂತಿಯ ಹೊದಿಕೆಯೂ ಗಮನಾರ್ಹ. ವಾಹನಗಳಲ್ಲಿ ಬಳಕೆಯಾಗುವ ಪಿ.ವಿ.ಸಿ. ಹೊದಿಕೆ ಸುಟ್ಟಾಗ ಕಣ್ಣು, ಗಂಟಲುಗಳನ್ನು ಉರಿಸುವ ಆಮ್ಲಯುಕ್ತ ಹೊಗೆಯನ್ನು ಬಿಡುತ್ತದೆ. ಕಾರಿನ ಚಾಲಕ ಬಾಗಿಲು ತೆರೆದು ಹೊರಗೆ ಬರಬಲ್ಲ. ವೈಮಾನಿಕನಿಗೆ ಆ ಭಾಗ್ಯವಿಲ್ಲ. ಆದ್ದರಿಂದ ಟೆಫ್‌ಝೆಲ್ ಮುಂತಾದ, 150 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ತಾಳುವ ಹೊದಿಕೆಯ, ತವರ ಲೇಪಿತ ತಾಮ್ರದ ತಂತಿಯನ್ನೇ ಬಳಸುವುದು ಶ್ರೇಯಸ್ಕರ.

ಫ್ಯೂಸು ಅಥವಾ ಸರ್ಕ್ಯೂಟ್ ಬ್ರೇಕರಿನ ವಿಷಯದಲ್ಲಿ ತಪ್ಪು ಕಲ್ಪನೆಯೊಂದು ಬಹಳವಾಗಿ ಹಬ್ಬಿದೆ. ಅದು ಉಪಕರಣವನ್ನು ಕಾಪಾಡಲು ಇದೆಯೆಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಅದು ಕಾಪಾಡುವುದು ತಂತಿಯನ್ನು. ಮೋಟಾರಿನ ಒಳಗೆ ದೋಷ ಉಂಟಾದಾಗ ಮೋಟಾರು ಆಗಲೇ ಕೆಟ್ಟಿರುತ್ತದೆ. ಅದರಿಂದ ತಂತಿಯು ಕಾಯ್ದು ಬೆಂಕಿ ಹತ್ತದಂತೆ ತಡೆಯುವುದೇ ಫ್ಯೂಸಿನ ಕೆಲಸ. ಆದ್ದರಿಂದ ಫ್ಯೂಸಿನ ಅಂಕವನ್ನು ತಂತಿಯ ಸಾಮರ್ಥ್ಯಕ್ಕೆ ಹೊಂದಿಸಬೇಕು. ವಿದ್ಯುತ್ತಿನ ಮೂಲಕ್ಕೆ ಆದಷ್ಟು ಸಮೀಪದಲ್ಲಿಯೇ ಇಡಬೇಕು. ಪದೇ ಪದೇ ಫ್ಯೂಸು ಹೋಗುತ್ತದೆಂದು ಇನ್ನೂ ದೊಡ್ಡದನ್ನು ಹಾಕಿದರೆ, ತಂತಿಯೇ ಫ್ಯೂಸಾಗಿ ಉರಿಯುವ ದಿನ ದೂರವಿರುವುದಿಲ್ಲ.

4. ಸ್ವಿಚ್ಚು ಮತ್ತು ರಿಲೇ

ಶಿವಮೊಗ್ಗ ಜಿಲ್ಲೆಯ ಜೋಗದ ವಿದ್ಯುದಾಗಾರ 1948ರಲ್ಲಿ ಕಾರ್ಯಾರಂಭ ಮಾಡಿತು. ಅಂಥ ಆಗಾರಗಳಿಂದ ಮನೆಮನೆಗೆ ಬರುವ ವಿದ್ಯುತ್ತು ಪರ್ಯಾಯ ಪ್ರವಾಹ. ಸೆಕೆಂಡಿಗೆ 50 ಆವರ್ತಗಳು. ಪ್ರತಿ ಆವರ್ತದಲ್ಲಿ ಎರಡು ಸಲ, ಅಂದರೆ ಸೆಕೆಂಡಿಗೆ 100 ಸಲ, ಪ್ರವಾಹವು ಶೂನ್ಯವನ್ನು ಮುಟ್ಟುತ್ತದೆ. ಸ್ವಿಚ್ಚನ್ನು ಆರಿಸಿದಾಗ ಅದರ ಒಳಗೆ ಹೊಮ್ಮುವ ಕಿಡಿ ಆ ಶೂನ್ಯಕ್ಷಣದಲ್ಲಿ ತಾನಾಗಿಯೇ ನಂದಿಹೋಗುತ್ತದೆ. ವಿಮಾನದ ಬ್ಯಾಟರಿಯದು ನೇರ ಪ್ರವಾಹ, ಅಲ್ಲಿ ಶೂನ್ಯಕ್ಷಣವೆಂಬುದಿಲ್ಲ. ಕಿಡಿ ದೀರ್ಘವಾಗಿ ಉರಿದು ಸಂಪರ್ಕದ ಬಿಂದುಗಳನ್ನು ತಿನ್ನುತ್ತದೆ, ಕೆಲವೊಮ್ಮೆ ಬೆಸೆದೂಬಿಡುತ್ತದೆ. ಹೀಗೆ ಬೆಸೆದುಕೊಂಡ ಸ್ವಿಚ್ಚನ್ನು ಆರಿಸಿದರೂ ಮೋಟಾರು ನಿಲ್ಲುವುದಿಲ್ಲ. ಆದಕಾರಣ ಸ್ವಿಚ್ಚಿನ ಮೇಲೆ ನೇರ ಪ್ರವಾಹಕ್ಕೆ ಸಂಬಂಧಿಸಿದ ಅಂಕ ಮುದ್ರಿತವಾಗಿದೆಯೇ ಎಂದು ನೋಡಬೇಕು. ಮನೆಯ 230 ವೋಲ್ಟಿನ ಸ್ವಿಚ್ಚು 12 ವೋಲ್ಟಿಗೆ ಧಾರಾಳವಾಗಿ ಸಾಕೆಂಬ ತರ್ಕ ಇಲ್ಲಿ ನಡೆಯದು.

ಹೊರೆಯ ಸ್ವಭಾವವನ್ನೂ ಗಮನಿಸಬೇಕು. ತಂತುವಿರುವ ದೀಪವು ತಣ್ಣಗಿದ್ದಾಗ ಅದರ ರೋಧ ತೀರ ಕಡಿಮೆ; ಹೊತ್ತಿಕೊಳ್ಳುವ ಕ್ಷಣದಲ್ಲಿ ಹಲವು ಪಟ್ಟು ಪ್ರವಾಹ ನುಗ್ಗುತ್ತದೆ. ಮೋಟಾರೂ ಚಲನೆಯನ್ನು ಪ್ರಾರಂಭಿಸುವಾಗ ಹಾಗೆಯೇ. ಆದ್ದರಿಂದ 12 ವೋಲ್ಟಿನ ವ್ಯವಸ್ಥೆಯಲ್ಲಿ ಮೋಟಾರಿಗೆ ಅದರ ಪ್ರವಾಹದ ಎರಡರಷ್ಟು, ತಂತುದೀಪಕ್ಕೆ ಐದರಷ್ಟು ಸಾಮರ್ಥ್ಯದ ಸ್ವಿಚ್ಚನ್ನು ಆರಿಸುವ ರೂಢಿಯಿದೆ.

ರಿಲೇ ಎಂಬುದು ಸಣ್ಣ ಪ್ರವಾಹದಿಂದ ದೊಡ್ಡ ಪ್ರವಾಹವನ್ನು ಆಳುವ ಸಾಧನ. ಅದರ ಸುರುಳಿಗೆ ವಿದ್ಯುತ್ತು ನಿಂತಾಗ, ಅದರಲ್ಲಿ ಸಂಗ್ರಹವಾಗಿದ್ದ ಕಾಂತಶಕ್ತಿಯು ನೂರಾರು ವೋಲ್ಟಿನ ಕ್ಷಣಿಕ ಹೊಡೆತವಾಗಿ ಹಿಮ್ಮರಳುತ್ತದೆ. ಸುರುಳಿಗೆ ಅಡ್ಡಲಾಗಿ ಒಂದು ಡಯೋಡನ್ನು ಜೋಡಿಸಿದರೆ ಈ ಹೊಡೆತ ಶಮನವಾಗುತ್ತದೆ. ಕೆಲವೇ ರೂಪಾಯಿಯ ಡಯೋಡು ಅದನ್ನು ಆಳುವ ಸ್ವಿಚ್ಚನ್ನೂ, ನೆರೆಯ ಬೆಲೆಬಾಳುವ ಎಲೆಕ್ಟ್ರಾನಿಕ್ ಉಪಕರಣಗಳನ್ನೂ ಕಾಪಾಡುತ್ತದೆ.

5. ಆಕ್ಚುಯೇಟರುಗಳು

ವಿದ್ಯುಚ್ಛಕ್ತಿಯನ್ನು ಪಡೆದು ನೂಕುವ, ಎಳೆಯುವ ಅಥವಾ ತಿರುಗಿಸುವ ಸಾಧನಕ್ಕೆ ಆಕ್ಚುಯೇಟರ್ ಎಂದು ಹೆಸರು. ಲಘುವಿಮಾನದಲ್ಲಿ ಬಳಕೆಯಾಗುವುದು ಸಾಮಾನ್ಯವಾಗಿ ಸಣ್ಣ ಮೋಟಾರು, ಗೇರುಗಳು ಮತ್ತು ಒಂದು ತಿರುಪಿನ ಸರಳು ಸೇರಿದ ಜೋಡಣೆ. ಮೋಟಾರು ತಿರುಗಿದಂತೆ ಸರಳು ಮುಂದಕ್ಕೆ ಚಾಚುತ್ತದೆ ಅಥವಾ ಹಿಂದಕ್ಕೆ ಸರಿಯುತ್ತದೆ. ಫ್ಲ್ಯಾಪುಗಳನ್ನು ಇಳಿಸುವುದು, ಹಾರಾಟದ ಸಮತೋಲವನ್ನು ತಿದ್ದುವ ಟ್ರಿಮ್ ಪಟ್ಟಿಯನ್ನು ಸರಿಸುವುದು, ಚಕ್ರವನ್ನು ಮಡಚುವುದು ಅದರ ಮುಖ್ಯ ಕೆಲಸಗಳು.

ಆಯ್ಕೆಗೆ ಮೊದಲು ಬಲದ ಲೆಕ್ಕವಾಗಬೇಕು. ಫ್ಲ್ಯಾಪನ್ನು ಇಳಿಸಲು 400 ನ್ಯೂಟನ್, ಅಂದರೆ ಸುಮಾರು 40 ಕಿಲೋಗ್ರಾಂ ತೂಕದಷ್ಟು ಬಲ ಬೇಕೆಂದೂ, ಸರಳು 8 ಸೆಕೆಂಡುಗಳಲ್ಲಿ 10 ಸೆಂಟಿಮೀಟರ್ ಚಲಿಸಬೇಕೆಂದೂ ಇಟ್ಟುಕೊಳ್ಳಿ. ಆಗಬೇಕಾದ ಕಾರ್ಯ 40 ಜೂಲ್. ಸಾಮರ್ಥ್ಯ 5 ವಾಟ್. ಗೇರು, ತಿರುಪು, ಮೋಟಾರುಗಳ ಒಟ್ಟು ದಕ್ಷತೆ ನಾಲ್ಕರಲ್ಲಿ ಒಂದಂಶವೆಂದರೂ ಬೇಕಾಗುವುದು 20 ವಾಟ್, 12 ವೋಲ್ಟಿಗೆ ಎರಡು ಆಂಪಿಯರಿಗಿಂತ ಕಡಿಮೆ. ಮೊದಲು ನೋಡುವವರಿಗೆ ಇದು ಆಶ್ಚರ್ಯವೆನಿಸಬಹುದು. ಒಂದು ಚಿಕ್ಕ ದೀಪದಷ್ಟು ವಿದ್ಯುತ್ತು ಫ್ಲ್ಯಾಪನ್ನು ಇಳಿಸಲು ಸಾಕು. ಈ ಲೆಕ್ಕವನ್ನು ಮಾಡದೆ, "ದೊಡ್ಡದಿದ್ದರೆ ಒಳ್ಳೆಯದು" ಎಂದು ಹತ್ತು ಪಟ್ಟು ಬಲದ ಆಕ್ಚುಯೇಟರನ್ನು ತಂದರೆ ತೂಕ ಹೆಚ್ಚುವುದಷ್ಟೇ ಅಲ್ಲ, ಬೇರೊಂದು ಅಪಾಯವೂ ಒದಗುತ್ತದೆ. ಎಲ್ಲಿಯಾದರೂ ಕೊಂಡಿ ಸಿಕ್ಕಿಕೊಂಡರೆ ಮಿತಬಲದ ಯಂತ್ರ ನಿಲ್ಲುತ್ತದೆ. ಅತಿಬಲದ ಯಂತ್ರ ಕೊಂಡಿಯನ್ನೇ ಮುರಿಯುತ್ತದೆ. ಬಲವು ಲೆಕ್ಕಕ್ಕಿಂತ ಒಂದೂವರೆ ಅಥವಾ ಎರಡರಷ್ಟಿರುವುದು ಹಿತ.

ಎರಡನೆಯ ವಿಚಾರ, ವಿದ್ಯುತ್ತು ನಿಂತಾಗ ಸರಳು ಎಲ್ಲಿರುತ್ತದೆ ಎಂಬುದು. ಸಾಧಾರಣ ತಿರುಪಿನ ಸರಳಿನಲ್ಲಿ ಘರ್ಷಣೆ ಹೆಚ್ಚು. ಅದರಿಂದ ಶಕ್ತಿಯ ಅರ್ಧಕ್ಕಿಂತ ಹೆಚ್ಚು ನಷ್ಟವಾದರೂ, ಹೊರಗಿನಿಂದ ಎಷ್ಟು ನೂಕಿದರೂ ಅದು ಹಿಂದಕ್ಕೆ ಜಾರುವುದಿಲ್ಲ. ಉಕ್ಕಿನ ಗುಂಡುಗಳ ಮೇಲೆ ಓಡುವ ತಿರುಪಿನಲ್ಲಿ ದಕ್ಷತೆ ನೂರಕ್ಕೆ 90ರಷ್ಟು. ಆದರೆ ವಿದ್ಯುತ್ತು ಹೋದೊಡನೆ ಗಾಳಿಯ ಒತ್ತಡಕ್ಕೆ ಅದು ಹಿಂದೆ ಸರಿಯಬಹುದು, ಪ್ರತ್ಯೇಕ ಬ್ರೇಕು ಬೇಕು. ಇಲ್ಲಿ ದಕ್ಷತೆಯ ಕೊರತೆಯೇ ಸುರಕ್ಷತೆಯ ಗುಣವಾಗುತ್ತದೆ. ರುಟಾನ್ ಅವರ ವಿನ್ಯಾಸದಲ್ಲಿ ಮೂತಿಯ ಚಕ್ರವನ್ನು ಮಡಚಲು ಬಳಸಿದ್ದು ಕೈಯಿಂದ ತಿರುಗಿಸುವ ಹಿಡಿಕೆ ಮತ್ತು ಇಂಥದೇ ಗುಣದ ವರ್ಮ್ ಗೇರು. ಅದಕ್ಕೆ ಬ್ಯಾಟರಿ ಬೇಡ, ಫ್ಯೂಸು ಬೇಡ, ಬ್ರೇಕೂ ಬೇಡ. ಅನಂತರ ಹಲವರು ಅದಕ್ಕೆ ವಿದ್ಯುತ್ ಮೋಟಾರನ್ನು ಜೋಡಿಸಿದರು. ಕೈಯಿಂದ ಸುಲಭವಾಗಿ ಆಗುವ ಕೆಲಸಕ್ಕೆ ಮೋಟಾರು ಅಗತ್ಯವೇ ಎಂಬುದನ್ನು ಪ್ರತಿಯೊಬ್ಬ ನಿರ್ಮಾಪಕನೂ ಮೊದಲು ಕೇಳಿಕೊಳ್ಳಬೇಕು.

ಮೂರನೆಯದಾಗಿ, ತಪ್ಪು ಚಲನೆಯ ವಿಚಾರ. ಫ್ಲ್ಯಾಪುಗಳಿಗೆ ಎಡಕ್ಕೊಂದು, ಬಲಕ್ಕೊಂದು ಆಕ್ಚುಯೇಟರನ್ನು ಇಟ್ಟರೆ, ಒಂದು ಕೆಟ್ಟಾಗ ಇನ್ನೊಂದು ಮಾತ್ರ ಇಳಿದು ವಿಮಾನವು ಮಗ್ಗುಲಿಗೆ ಉರುಳಬಹುದು. ಎರಡನ್ನೂ ಒಂದೇ ಅಡ್ಡಕೊಳವೆಗೆ ಜೋಡಿಸಿ ಒಂದೇ ಆಕ್ಚುಯೇಟರಿನಿಂದ ನಡೆಸಿದರೆ, ಅದು ಕೆಟ್ಟಾಗ ಎರಡೂ ಸಮನಾಗಿ ನಿಲ್ಲುತ್ತವೆ. ಎಂಜಿನ್ನಿನ ವಿಷಯದಲ್ಲಿ ಎರಡು ಲೇಸೆಂದ ತತ್ತ್ವವೇ ಇಲ್ಲಿ ಒಂದು ಲೇಸೆನ್ನುತ್ತದೆ. ಕೆಟ್ಟರೆ ಏನಾದೀತೆಂಬ ಪ್ರಶ್ನೆ ಮಾತ್ರ ಎರಡಕ್ಕೂ ಒಂದೇ. ಟ್ರಿಮ್ ಪಟ್ಟಿಯ ಮೋಟಾರು ಸ್ವಿಚ್ಚಿನ ದೋಷದಿಂದ ತಾನಾಗಿ ಓಡತೊಡಗಿದರೆ ವಿಮಾನದ ಮೂತಿ ಏಳತೊಡಗುತ್ತದೆ ಅಥವಾ ಬಾಗತೊಡಗುತ್ತದೆ. ಆದ್ದರಿಂದ ಅದರ ವೇಗ ಮಂದವಾಗಿರಬೇಕು. ಚಲನೆಯ ಎರಡು ಕೊನೆಗಳಲ್ಲಿಯೂ ಪ್ರವಾಹವನ್ನು ಕಡಿಯುವ ಮಿತಿಸ್ವಿಚ್ಚುಗಳಿರಬೇಕು. ಪೂರ್ತಿ ಓಡಿದರೂ ಚಾಲಕನ ಕೈಬಲವು ಅದನ್ನು ಮೀರುವಂತಿರಬೇಕು. ಒಂದೇ ಏಟಿಗೆ ಅದರ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು ಕೈಗೆಟುಕುವಂತಿರಬೇಕು. ಇನ್ನು ವಿಮಾನದ ದಿಕ್ಕನ್ನು ಆಳುವ ಮುಖ್ಯ ಫಲಕಗಳನ್ನು ಲಘುವಿಮಾನದಲ್ಲಿ ಕೈಕಾಲುಗಳಿಂದಲೇ ನಡೆಸುವುದು ಸರಿಯಾದ ಕ್ರಮ. ಸ್ವಯಂಚಾಲಕ ಯಂತ್ರವನ್ನು ಜೋಡಿಸಿದರೂ, ಚಾಲಕನು ಎಳೆದೊಡನೆ ಜಾರಿಕೊಡುವ ಕ್ಲಚ್ಚು ಅದಕ್ಕಿರಬೇಕು.

ಕೊನೆಯದಾಗಿ ವಿಶ್ರಾಂತಿಯ ಲೆಕ್ಕ. ನೂರಕ್ಕೆ 25 ಎಂದು ನಮೂದಿಸಿದ ಆಕ್ಚುಯೇಟರ್ ಒಂದು ನಿಮಿಷ ದುಡಿದರೆ ಮೂರು ನಿಮಿಷ ತಣಿಯಬೇಕು. ಹಾರಾಟದಲ್ಲಿ ಇದು ತೊಂದರೆಯಲ್ಲ. ನೆಲದ ಮೇಲೆ ಪರೀಕ್ಷಿಸುವಾಗ ಉತ್ಸಾಹದಿಂದ ಹತ್ತಾರು ಸಲ ಏರಿಸಿ ಇಳಿಸಿ ಮೋಟಾರನ್ನು ಸುಡುವುದುಂಟು.

6. ಸ್ಥಾನದ ಮಹತ್ವ

ಒಳ್ಳೆಯ ಉಪಕರಣವನ್ನು ತಪ್ಪು ಜಾಗದಲ್ಲಿಟ್ಟರೂ ಅನರ್ಥವಾಗುತ್ತದೆ. 1997ನೆಯ ಇಸವಿ ಅಕ್ಟೋಬರ್ 12ರಂದು ಅಮೆರಿಕದ ಪ್ರಖ್ಯಾತ ಗಾಯಕ ಜಾನ್ ಡೆನ್ವರ್ ಅವರು ಕ್ಯಾಲಿಫೋರ್ನಿಯದ ಮಾಂಟೆರೇ ಕೊಲ್ಲಿಯಲ್ಲಿ ಲಾಂಗ್ ಈಝಿ ವಿಮಾನವೊಂದು ಬಿದ್ದು ಮೃತರಾದರು. ಅದು ಹವ್ಯಾಸಿಯೊಬ್ಬರು ಕಟ್ಟಿದ ವಿಮಾನ. ಡೆನ್ವರ್ ಅವರು ಅದನ್ನು ಕೊಂಡಿದ್ದರು. ಒಂದು ಇಂಧನ ತೊಟ್ಟಿಯಿಂದ ಇನ್ನೊಂದಕ್ಕೆ ಬದಲಾಯಿಸುವ ಹಿಡಿಕೆಯು ವಿನ್ಯಾಸದ ನಕ್ಷೆಯಲ್ಲಿ ಚಾಲಕನ ಕಾಲುಗಳ ನಡುವೆ ಇತ್ತು. ನಿರ್ಮಾಪಕರು ಅದನ್ನು ಎಡಭುಜದ ಹಿಂದಕ್ಕೆ ವರ್ಗಾಯಿಸಿದ್ದರು. ಇಂಧನದ ಕೊಳವೆ ಚಾಲಕನ ಕೋಣೆಗೆ ಬಾರದಿರಲಿ ಎಂಬ ಸದುದ್ದೇಶ ಅವರದು. ಹಾರಾಟಕ್ಕೆ ಮುನ್ನ ಇಂಧನವನ್ನು ತುಂಬಿಸಿರಲಿಲ್ಲ. ಹಿಡಿಕೆಯನ್ನು ತಿರುಗಿಸಲು ಹಿಂದಕ್ಕೆ ಹೊರಳಿದಾಗ ಕಾಲು ಅರಿವಿಲ್ಲದೆ ಬಲಗಡೆಯ ಪೆಡಲನ್ನು ಒತ್ತಿ ವಿಮಾನವು ಹತೋಟಿ ತಪ್ಪಿತೆಂದು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ನಿರ್ಣಯಿಸಿತು. ತಲುಪಲು ಕಷ್ಟವಾದ ಜಾಗದಲ್ಲಿದ್ದ, ಗುರುತುಗಳಿಲ್ಲದ ಆ ಹಿಡಿಕೆಯನ್ನೂ ಅಪಘಾತಕ್ಕೆ ಕಾರಣವಾದ ಅಂಶಗಳಲ್ಲಿ ಒಂದೆಂದು ಮಂಡಳಿಯು ಹೇಳಿತು.

ಇದು ವಿದ್ಯುತ್ ಉಪಕರಣದ ಕಥೆಯಲ್ಲವಾದರೂ ವಿದ್ಯುತ್ ಸ್ವಿಚ್ಚುಗಳಿಗೆ ಅಕ್ಷರಶಃ ಅನ್ವಯಿಸುತ್ತದೆ. ಆಪತ್ತಿನಲ್ಲಿ ಬೇಕಾಗುವ ಪ್ರತಿಯೊಂದು ಸ್ವಿಚ್ಚೂ ಸೊಂಟಪಟ್ಟಿ ಬಿಗಿದು ಕುಳಿತ ಚಾಲಕನ ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ, ಹೆಸರು ಬರೆದು ಇರಬೇಕು.

ಮಲೆನಾಡಿನವರು ತೇವದ ವಿಚಾರವನ್ನೂ ಮರೆಯಬಾರದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಯಿದು. ಕಂಬದಿಂದ ಮನೆಗೆ ಬರುವ ಸರ್ವಿಸ್ ತಂತಿಯನ್ನು ಗೋಡೆಯನ್ನು ಹೊಗುವ ಮುನ್ನ ಕೆಳಕ್ಕೆ ಬಾಗಿಸಿರುವುದನ್ನು ಎಲ್ಲರೂ ಕಂಡಿದ್ದಾರೆ. ಮಳೆಯ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ವಿಮಾನದ ತಂತಿಗಳನ್ನೂ ಉಪಕರಣಕ್ಕೆ ಸೇರಿಸುವಾಗ ಇದೇ ಉಪಾಯವನ್ನು ಅನುಸರಿಸಬೇಕು. ಮೋಟಾರಿನ ಕಾಂತವು ದಿಕ್ಸೂಚಿಯ ಮುಳ್ಳನ್ನು ದಾರಿ ತಪ್ಪಿಸದಷ್ಟು ದೂರದಲ್ಲಿರಬೇಕು. ಹೋಗುವ ಮತ್ತು ಮರಳುವ ತಂತಿಗಳನ್ನು ಪರಸ್ಪರ ಹೆಣೆದರೆ ಅವುಗಳ ಕಾಂತಪ್ರಭಾವ ಒಂದನ್ನೊಂದು ಅಳಿಸುತ್ತದೆ.

7. ಅಂಗಡಿಯ ಬಿಡಿಭಾಗವೋ, ಪ್ರಮಾಣಿತ ಬಿಡಿಭಾಗವೋ?

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ದೊರೆಯುವ ಕಾರಿನ ವೈಪರ್ ಮೋಟಾರನ್ನೋ ರಿಲೇಯನ್ನೋ ವಿಮಾನಕ್ಕೆ ಬಳಸಬಾರದೇಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ವಾಹನಗಳ ಬಿಡಿಭಾಗಗಳು ಕಳಪೆಯವಲ್ಲ. ಬಿಸಿಲು, ಧೂಳು, ಅದುರುವಿಕೆಗಳನ್ನು ತಾಳುವಂತೆಯೇ ಅವನ್ನು ತಯಾರಿಸುತ್ತಾರೆ. ಶಿವಮೊಗ್ಗ-ಭದ್ರಾವತಿಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಎರಕದ ಕೆಲಸವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಾರಿನ ಮೋಟಾರು ಕೆಟ್ಟರೆ ರಸ್ತೆಯ ಬದಿಗೆ ನಿಲ್ಲಿಸಬಹುದೆಂಬ ಭರವಸೆಯ ಮೇಲೆ ಅದರ ವಿನ್ಯಾಸ ನಿಂತಿದೆ. ಆಕಾಶದಲ್ಲಿ ರಸ್ತೆಯ ಬದಿಯೆಂಬುದಿಲ್ಲ.

ವ್ಯತ್ಯಾಸವಿರುವುದು ವಸ್ತುವಿನಲ್ಲಿ ಮಾತ್ರವಲ್ಲ, ಅದರ ದಾಖಲೆಯಲ್ಲಿಯೂ. ಭದ್ರಾವತಿಯ ಹಿರಿಯರಿಗೆ ಈ ಮಾತು ಬೇಗ ಅರ್ಥವಾದೀತು. 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದು ವಿಶೇಷ ಉಕ್ಕಿಗೆ ಹೆಸರಾಯಿತು. ಉಕ್ಕಿನ ಕೆಲಸದಲ್ಲಿ ಕುಲುಮೆಯಿಂದ ಒಂದು ಸಲ ಹೊರಬಿದ್ದ ಉಕ್ಕಿಗೆ ಒಂದು 'ಹೀಟ್ ನಂಬರ್' ಇರುತ್ತದೆ. ಆ ಸಂಖ್ಯೆಯನ್ನು ಹಿಡಿದು ಹೊರಟರೆ ಅದರಲ್ಲಿ ಇಂಗಾಲವೆಷ್ಟು, ಕ್ರೋಮಿಯಂ ಎಷ್ಟು, ಪರೀಕ್ಷೆಯಲ್ಲಿ ಎಷ್ಟು ಬಲಕ್ಕೆ ತಾಳಿತು ಎಂಬುದೆಲ್ಲ ತಿಳಿಯುತ್ತದೆ. ಸಂಖ್ಯೆಯಿಲ್ಲದ ಉಕ್ಕು ನೋಡಲು ಹಾಗೆಯೇ ಇದ್ದರೂ ಅದು ಏನೆಂದು ಹೇಳುವವರಿಲ್ಲ. ಪ್ರಮಾಣಿತ ವೈಮಾನಿಕ ಬಿಡಿಭಾಗಕ್ಕೂ ಹೀಗೆಯೇ ಕುಲಗೋತ್ರವುಂಟು. ಅಂಗಡಿಯ ರಿಲೇ ಇಂದು ಒಂದು ವಿಧವಾಗಿರಬಹುದು. ಅದೇ ಡಬ್ಬಿಯಲ್ಲಿ, ಅದೇ ಹೆಸರಿನಲ್ಲಿ ಮುಂದಿನ ವರ್ಷ ಒಳಗಿನ ಲೋಹ ಬದಲಾಗಿರಬಹುದು.

ಹಂಸದಂಥ ಪ್ರಮಾಣಪತ್ರ ಪಡೆದ ವಿಮಾನದಲ್ಲಿ ಒಪ್ಪಿಗೆಯಿಲ್ಲದ ಬಿಡಿಭಾಗವನ್ನು ಹಾಕುವಂತೆಯೇ ಇಲ್ಲ. ಗೃಹನಿರ್ಮಿತ ವಿಮಾನದಲ್ಲಿ ಆಯ್ಕೆಯ ಹೊಣೆ ಬಹುಮಟ್ಟಿಗೆ ನಿರ್ಮಾಪಕನದೇ. ಹಾಗೆಂದು ಅದು ಸ್ವೇಚ್ಛೆಯಲ್ಲ. ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನೋಂದಣಿಯೂ ಅನುಮತಿಯೂ ಇಲ್ಲದೆ ಯಾವ ವಿಮಾನವನ್ನೂ ಹಾರಿಸುವಂತಿಲ್ಲ. ಮೊದಲನೆಯ ವರ್ಗದ ಉಪಕರಣಗಳಿಗೆ ಅಂಗಡಿಯ ವಸ್ತುವನ್ನು ಪರೀಕ್ಷಿಸಿ ಬಳಸಿದರೆ ದೋಷವಿಲ್ಲ. ಎರಡನೆಯದಕ್ಕೆ ಪರ್ಯಾಯವನ್ನು ಇಟ್ಟುಕೊಂಡು ಬಳಸಬಹುದು. ಮೂರನೆಯದರಲ್ಲಿ ಮಾತ್ರ ಹಣದ ಉಳಿತಾಯದ ಮಾತೆತ್ತಬಾರದು.

8. ಶಾಲೆಯಲ್ಲಿ ಮಾಡಬಹುದಾದ ಪ್ರಯೋಗ

ಈ ವಿವೇಕವನ್ನು ಕಲಿಯಲು ವಿಮಾನ ಬೇಕಿಲ್ಲ. ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ 12 ವೋಲ್ಟಿನ ಬ್ಯಾಟರಿ, ಹಳೆಯ ಕಾರಿನ ಮೋಟಾರು, ಒಂದು ಮಲ್ಟಿಮೀಟರು, ಎರಡು ಗಾತ್ರದ ತಂತಿಗಳು, ಕೆಲವು ಫ್ಯೂಸುಗಳು ಇದ್ದರೆ ಸಾಕು. ತಂತಿಯ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ನಷ್ಟವಾಯಿತೆಂದು ವಿದ್ಯಾರ್ಥಿಗಳು ಅಳೆದು, ಓಮನ ನಿಯಮದಿಂದ ಬರೆದಿಟ್ಟ ಉತ್ತರದೊಡನೆ ಹೋಲಿಸಲಿ. ಮೋಟಾರು ಚಲಿಸತೊಡಗುವ ಕ್ಷಣದಲ್ಲಿ ಪ್ರವಾಹ ಎಷ್ಟು ಏರುತ್ತದೆಂಬುದನ್ನು, ಮೀಟರಿನ ಮಿತಿಯನ್ನು ಮೀರದಂತೆ, ಉಪಾಧ್ಯಾಯರ ಸಮ್ಮುಖದಲ್ಲಿ ಗಮನಿಸಲಿ. ಅನಂತರ ಪ್ರತಿಯೊಬ್ಬರೂ ತಮ್ಮ ಜೋಡಣೆಯ ಒಂದೊಂದು ಅಂಗದ ಹೆಸರನ್ನು ಬರೆದು, ಅದರ ಮುಂದೆ "ಇದು ಕೆಟ್ಟರೆ ಏನಾಗುತ್ತದೆ?" ಎಂಬ ಪ್ರಶ್ನೆಗೆ ಒಂದು ವಾಕ್ಯದ ಉತ್ತರವನ್ನು ಬರೆಯಲಿ. ಈ ಕೊನೆಯ ಪಟ್ಟಿಯೇ ಪ್ರಯೋಗದ ಮುಖ್ಯ ಫಲ. ದೊಡ್ಡ ವಿಮಾನ ಕಾರ್ಖಾನೆಗಳ ಎಂಜಿನಿಯರುಗಳು ತಿಂಗಳುಗಟ್ಟಲೆ ಕುಳಿತು ತಯಾರಿಸುವುದೂ ಇಂಥದೇ ಪಟ್ಟಿಯನ್ನು. ಗಾತ್ರದಲ್ಲಿ ಮಾತ್ರ ವ್ಯತ್ಯಾಸ.

ಉಪಸಂಹಾರ

ಪುಷ್ಪಕದಿಂದ ಹೊಸ ಹಂಸದವರೆಗಿನ ಆರು ದಶಕಗಳಲ್ಲಿ ಲಘುವಿಮಾನವು ಅಪಾರವಾಗಿ ಬದಲಾಗಿದೆ. ಬಟ್ಟೆ ಹೊದಿಸಿದ ರೆಕ್ಕೆಯ ಸ್ಥಾನದಲ್ಲಿ ನಾರಿನ ರೆಕ್ಕೆ ಬಂದಿದೆ. ಮ್ಯಾಗ್ನೆಟೋದ ಸ್ಥಾನದಲ್ಲಿ ಗಣಕ ಬಂದಿದೆ. ಬದಲಾಗದೆ ಉಳಿದಿರುವುದು ನಿರ್ಮಾಪಕನ ಹೊಣೆಗಾರಿಕೆ. ಸೋಗಾನೆಯ ಆಕಾಶವನ್ನು ನೋಡಿ ಕನಸು ಕಾಣುವ ಹುಡುಗ ಹುಡುಗಿಯರಲ್ಲಿ ಕೆಲವರಾದರೂ ಮುಂದೆ ಈ ಕ್ಷೇತ್ರಕ್ಕೆ ಕಾಲಿಡುವುದು ಖಂಡಿತ. ಅವರಿಗೆ ಧೈರ್ಯವನ್ನು ಯಾರೂ ಕಲಿಸಬೇಕಾಗಿಲ್ಲ. ಅದು ವಯಸ್ಸಿನ ಜೊತೆಗೇ ಬಂದಿರುತ್ತದೆ. ಕಲಿಸಬೇಕಾದದ್ದು ಅಳೆಯುವ ಅಭ್ಯಾಸ, ದಾಖಲೆ ಬರೆದಿಡುವ ಶಿಸ್ತು, ಕೈಯಲ್ಲಿರುವ ವಸ್ತು ಕೆಟ್ಟಾಗ ಯಾರಿಗೆ ಏನಾದೀತೆಂದು ಮೊದಲೇ ಯೋಚಿಸುವ ಕರುಣೆ. ಈ ಮೂರನ್ನು ಶಾಲೆ ಕೊಟ್ಟರೆ ಉಳಿದದ್ದನ್ನು ಅವರೇ ಕಟ್ಟಿಕೊಳ್ಳುತ್ತಾರೆ.